ಬೆಳಗಾವಿಯಲ್ಲಿ ಒಂದು ದಿನ, ಇಬ್ಬರ ಕಾಲ್ನಡಿಗೆ

ನಂದಗಡದ ಜನರಿಗೆ ಬೆಳಗಾವಿ ಹೊಸ ಊರಲ್ಲ. ಆಸ್ಪತ್ರೆಗೆಂದು, ನ್ಯಾಯಾಲಯಕ್ಕೆಂದು, ಮಕ್ಕಳ ಕಾಲೇಜು ಪ್ರವೇಶಕ್ಕೆಂದು, ಮದುವೆಯ ಜವಳಿಗೆಂದು ಅಲ್ಲಿಗೆ ಹೋಗದ ಮನೆ ನಮ್ಮಲ್ಲಿ ಒಂದೂ ಇರಲಾರದು. ಖಾನಾಪುರದ ಮಾರ್ಗವಾಗಿ ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿಯುತ್ತೇವೆ. ಕೈಯಲ್ಲಿ ಫೈಲು ಇರುತ್ತದೆ, ಇಲ್ಲವೇ ಊಟದ ಡಬ್ಬಿ ಇರುತ್ತದೆ. ಕೆಲಸ ಮುಗಿಯುತ್ತಲೇ ಮರಳುವ ಬಸ್ಸು ಹುಡುಕುತ್ತೇವೆ. ಹೀಗೆ ನೂರು ಸಲ ಹೋಗಿ ಬಂದವರನ್ನು ಹಿಡಿದು 'ಬೆಳಗಾವಿಯಲ್ಲಿ ಏನೇನು ನೋಡಿದ್ದೀರಿ?' ಎಂದು ಕೇಳಿದರೆ ಅವರು ನಮ್ಮ ಮುಖವನ್ನೇ ನೋಡುತ್ತಾರೆ. 'ನೋಡಾಕ ಎಲ್ಲಿ ಹೋಗಿದ್ವಿ ಫಾದರ್?' ಎಂಬುದೇ ಅವರ ಉತ್ತರ. 2011ರ ಜನಗಣತಿಯಲ್ಲಿ 4.88 ಲಕ್ಷ ಜನಸಂಖ್ಯೆಯಿದ್ದ ಆ ನಗರ ಮುಂಬಯಿಯವರಿಗೆ ಸಣ್ಣದೆನಿಸೀತು. ನಮಗೆ ಅದೇ ಮಹಾನಗರ; ಆದರೆ ಅದು ಕೆಲಸದ ನಗರ, ನೋಟದ ನಗರವಲ್ಲ.

ಇದರಲ್ಲಿ ಒಂದು ವಿಚಿತ್ರವೂ ಉಂಟು. ನೋಡಲಿಕ್ಕೆಂದೇ ಜನ ನಮ್ಮ ಊರಿಗೆ ಬರುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ನಂದಗಡದಲ್ಲಿ, 1831ರ ಜನವರಿ 26ರಂದು. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಎಲ್ಲೆಲ್ಲಿಂದಲೋ ಗಂಡಹೆಂಡಿರು ಜೊತೆಯಾಗಿ ಬಂದು ನಮ್ಮ ಊರಿನ ಮಣ್ಣು ಮುಟ್ಟಿ ಹೋಗುತ್ತಾರೆ. ನಾವು ಮಾತ್ರ ಜೊತೆಯಾಗಿ ಎಲ್ಲಿಗೂ ಹೋದವರಲ್ಲ.

ನಮ್ಮ ಧರ್ಮಕೇಂದ್ರದ ದಂಪತಿಗಳೊಬ್ಬರು ಇತ್ತೀಚೆಗೆ ಈ ರೂಢಿಯನ್ನು ಮುರಿದರು. ತಮ್ಮ ಹೆಸರು ಬರೆಯಬಾರದೆಂದು ಅವರು ಕೇಳಿಕೊಂಡಿದ್ದಾರೆ, ನಾವೂ ಬರೆಯುವುದಿಲ್ಲ. ಆತ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಖಾನಾಪುರ ಸೀಮೆಯ ಕೆಂಪು ಮಣ್ಣಿಗೂ ಹಂಚಿಗೂ ಇರುವ ನಂಟು ಓದುಗರಿಗೆ ತಿಳಿದದ್ದೇ. ಆಕೆ ಮನೆ, ಹೊಲ, ಎರಡು ಎಮ್ಮೆ, ಅತ್ತೆಯ ದೀರ್ಘ ಕಾಯಿಲೆ ಎಲ್ಲವನ್ನೂ ನಿಭಾಯಿಸಿದವರು. ಮಕ್ಕಳಿಬ್ಬರು ಪುಣೆ ಮತ್ತು ಗೋವೆಯಲ್ಲಿ ದುಡಿಮೆ ಹಿಡಿದಿದ್ದಾರೆ. ವಿವಾಹದ ಇಪ್ಪತ್ತೈದನೆಯ ವರ್ಷ ಬಂದಾಗ ಬಂಧುಗಳು ವಾಡಿಕೆಯಂತೆ ಮಂಟಪ, ಊಟ, ಬ್ಯಾಂಡು ಎಂದು ಲೆಕ್ಕ ಹಾಕತೊಡಗಿದರು. ಲೆಕ್ಕ ಬೆಳೆಯಿತು, ಸಾಲ ಮಾಡದೆ ಸಾಗದೆಂಬ ಹಂತ ಬಂದಿತು. ಆಗ ಆ ತಾಯಿ ಪತಿಗೆ ಹೇಳಿದರಂತೆ: 'ಸಾಲಾ ಮಾಡಿ ಮಂದಿಗೆ ಉಣಿಸೋದು ಬ್ಯಾಡ್ರಿ. ಒಂದ ದಿನಾ ನನಗ ಬೆಳಗಾವಿ ತೋರಸ್ರಿ. ಗಾಡಿ ಬ್ಯಾಡ, ರಿಕ್ಷಾ ಬ್ಯಾಡ, ನಡಕೊಂತ ನೋಡೋಣು.'

ಈ ಮಾತಿನ ಹಿಂದೆ ಒಂದು ಕಥೆಯುಂಟು. ಅತ್ತೆಯ ಕಾಯಿಲೆಯ ಕಾಲದಲ್ಲಿ ಆಕೆ ಬೆಳಗಾವಿಯ ಆಸ್ಪತ್ರೆಯೊಂದರ ವರಾಂಡದಲ್ಲಿ ನಲವತ್ತು ದಿನ ಕಳೆದಿದ್ದರು. ನಲವತ್ತು ದಿನ ಆ ನಗರದಲ್ಲಿಯೇ ಉಂಡು, ಮಲಗಿ, ಔಷಧದ ಅಂಗಡಿಗೂ ವಾರ್ಡಿಗೂ ಓಡಾಡಿದರು. ಆದರೂ ಬೆಳಗಾವಿಯ ಕೋಟೆ ಯಾವ ದಿಕ್ಕಿಗಿದೆಯೆಂಬುದು ಅವರಿಗೆ ತಿಳಿಯದು. ನಗರವನ್ನು ಇಷ್ಟು ಹತ್ತಿರದಿಂದ ಕಂಡೂ ಕಾಣದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ತಾಯಂದಿರಿದ್ದಾರೆಂದು ನಾವು ಎಣಿಸಲಾರೆವು.

ಬೆಳಿಗ್ಗೆ ಬಲಿಪೂಜೆಯಲ್ಲಿ ಪಾಲ್ಗೊಂಡು, ಮೊದಲ ಬಸ್ಸಿಗೆ ಹೊರಟರು. ಆಕೆಗೆ ಶೂನ್ಯ ಟಿಕೆಟ್, ಆತನಿಗೆ ಪೂರ್ಣ ದರ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟ್ ದರವಿಲ್ಲದೆ ಪ್ರಯಾಣಿಸುವ ಅವಕಾಶ ದೊರೆತಾಗ ಹೆಂಗಸರು ಊರೂರು ತಿರುಗಲಾರಂಭಿಸಿದರೆಂದು ಕುಹಕವಾಡಿದವರನ್ನು ನಾವು ಬಲ್ಲೆವು. ತಿರುಗಲಿ ಎಂದೇ ನಮ್ಮ ಅಭಿಪ್ರಾಯ. ಗಂಡಸರು ಯಾವ ಕಾರಣವನ್ನೂ ಒಡ್ಡದೆ ಪೇಟೆಗೆ ಹೋಗಿ ಬರುತ್ತ ಬಂದಿದ್ದಾರೆ. ಯಾರೂ ಅದನ್ನು ತಿರುಗಾಟವೆಂದು ಕರೆದದ್ದಿಲ್ಲ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಮಳೆಗಾಲ ಕಳೆದ ಮೇಲೆ ಅಲ್ಲಿಯ ಬೆಳಗು ತಂಪಾಗಿ, ನಡೆಯುವವರಿಗೆ ಹಿತವಾಗಿರುತ್ತದೆ. ಕೇಂದ್ರ ಬಸ್ ನಿಲ್ದಾಣದಿಂದ ಕೋಟೆ ದೂರವಿಲ್ಲ. ದಂಪತಿಗಳು ಮೊದಲು ಅಲ್ಲಿಗೇ ನಡೆದರು. ಕಂದಕವನ್ನು ದಾಟಿ, ದುರ್ಗಾದೇವಿಯ ಗುಡಿಯನ್ನು ಹಾದು, ದೊಡ್ಡ ಬಾಗಿಲಿನೊಳಗೆ ಕಾಲಿಟ್ಟರೆ ಪೇಟೆಯ ಸದ್ದು ತಟ್ಟನೆ ಹಿಂದುಳಿಯುತ್ತದೆ. ರಟ್ಟರ ಕಾಲದಲ್ಲಿ ಮೊದಲಾಗಿ, ಆದಿಲಶಾಹಿಗಳ ಕಾಲದಲ್ಲಿ ಬಲಗೊಂಡು, 1818ರಲ್ಲಿ ಬ್ರಿಟಿಷರ ಕೈಸೇರಿದ ಕೋಟೆ ಇದು. ಇಷ್ಟು ಮಂದಿ ಒಡೆಯರನ್ನು ಕಂಡ ಗೋಡೆಗಳ ನಡುವೆ ಒಂದು ಬಸದಿ, ಒಂದು ಮಸೀದಿ, ಒಂದು ಆಶ್ರಮ ಒಂದಕ್ಕೊಂದು ಕೂಗಳತೆಯಲ್ಲಿ ಇರುವುದನ್ನು ನೋಡಲಿಕ್ಕಾದರೂ ನಮ್ಮ ಯುವಕರು ಒಮ್ಮೆ ಅಲ್ಲಿಗೆ ಹೋಗಬೇಕು.

ಕಮಲ ಬಸದಿಯನ್ನು ಕಟ್ಟಿಸಿದವನು ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ, 1204ರಲ್ಲಿ. ಒಳಗೆ ನೇಮಿನಾಥ ತೀರ್ಥಂಕರರ ವಿಗ್ರಹವಿದೆ. ಮಂಟಪದ ಮಾಳಿಗೆಯಿಂದ ಕೆಳಮುಖವಾಗಿ ಇಳಿದ ಕಲ್ಲಿನ ಕಮಲಕ್ಕೆ ಎಪ್ಪತ್ತೆರಡು ದಳಗಳು. ಭೂತ, ವರ್ತಮಾನ, ಭವಿಷ್ಯ ಈ ಮೂರು ಕಾಲಗಳ ಇಪ್ಪತ್ತನಾಲ್ಕು ತೀರ್ಥಂಕರರಂತೆ ಲೆಕ್ಕ. ಬಸದಿಯ ಪ್ರತಿಷ್ಠೆಯ ಕಾಲದ ಶಾಸನಗಳು ಇಂದು ಅಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬೆಳಗಾವಿಯ ಹಳೆಯ ಹೆಸರಾದ ವೇಣುಗ್ರಾಮವನ್ನು ಹೇಳುವ ಹಳಗನ್ನಡದ ಕಲ್ಲನ್ನು ಓದಬೇಕಾದರೆ ಬೆಳಗಾವಿಯವನು ಸಮುದ್ರ ದಾಟಬೇಕೆಂಬುದು ನಮಗೆ ಎಂದೂ ಸರಿಯೆನಿಸಿಲ್ಲ.

ಆ ಮಾಳಿಗೆಯ ಕೆಳಗೆ ಇಬ್ಬರೂ ಬಹಳ ಹೊತ್ತು ನಿಂತರಂತೆ. ಆತನ ದೃಷ್ಟಿ ಕೆಲಸಗಾರನ ದೃಷ್ಟಿ: ಇಷ್ಟು ತೂಕದ ಕಲ್ಲನ್ನು ತಲೆಯ ಮೇಲೆ ಹೇಗೆ ನಿಲ್ಲಿಸಿದರು, ಸಂದು ಎಲ್ಲಿದೆ, ಎಂಟುನೂರು ವರ್ಷ ನೀರು ಇಳಿಯದಂತೆ ಹೇಗೆ ಕಾಯ್ದರು ಎಂಬ ಪ್ರಶ್ನೆಗಳು. ಆಕೆ ದಳಗಳನ್ನು ಎಣಿಸಲು ತೊಡಗಿ, ಮೂವತ್ತಕ್ಕೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು. ಎರಡನೆಯ ಸಲ ತಪ್ಪಿದಾಗ ಆತ ಪಕ್ಕದಲ್ಲಿ ನಿಂತು ಅರ್ಧ ತಾವು ಎಣಿಸಿಕೊಟ್ಟರು. ಇದನ್ನು ನಮಗೆ ಹೇಳುವಾಗ ಆತನಿಗೆ ನಾಚಿಕೆ, ಆಕೆಗೆ ನಗು.

ಸಮೀಪದಲ್ಲಿಯೇ ರಾಮಕೃಷ್ಣ ಮಿಷನ್ ಆಶ್ರಮವಿದೆ. ವಿವೇಕಾನಂದರು 1892ರ ಅಕ್ಟೋಬರಿನಲ್ಲಿ, ಪರಿವ್ರಾಜಕರಾಗಿ ತಿರುಗುತ್ತಿದ್ದ ಕಾಲದಲ್ಲಿ ಬೆಳಗಾವಿಗೆ ಬಂದು, ಅರಣ್ಯ ಇಲಾಖೆಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದಿದ್ದರು. ಹರಿಪದರೂ ಅವರ ಪತ್ನಿ ಇಂದುಮತಿಯವರೂ ಸ್ವಾಮಿಗಳಿಂದ ದೀಕ್ಷೆ ಪಡೆದರು. ದೊಡ್ಡವರ ಪ್ರವಾಸದ ಕಥೆಗಳಲ್ಲಿ ಆತಿಥ್ಯ ನೀಡಿದ ಮನೆಯೊಡತಿಯ ಹೆಸರು ಉಳಿಯುವುದು ಅಪರೂಪ. ಇಲ್ಲಿ ಉಳಿದಿದೆ.

ಕೋಟೆಯಿಂದ ಹಿಂದಿರುಗಿ ಖಡೇಬಜಾರಿಗೆ ಬಂದಾಗ ಆ ದಿನದ ಮುಖ್ಯ ಘಟನೆ ನಡೆಯಿತೆಂದು ನಾವು ತಿಳಿಯುತ್ತೇವೆ. ನಮ್ಮ ಕಡೆ ಗಂಡಹೆಂಡಿರು ನಡೆಯುವ ರೀತಿಯನ್ನು ಓದುಗರು ಬಲ್ಲರು. ಆತ ಹತ್ತು ಹೆಜ್ಜೆ ಮುಂದೆ, ಆಕೆ ಚೀಲ ಹಿಡಿದು ಹತ್ತು ಹೆಜ್ಜೆ ಹಿಂದೆ. ಸಂತೆಗೂ ಹಾಗೆಯೇ, ದೇವಾಲಯಕ್ಕೂ ಹಾಗೆಯೇ. ಹಳ್ಳಿಯ ಬಯಲಿನಲ್ಲಿ ಈ ಹತ್ತು ಹೆಜ್ಜೆಯಿಂದ ಹಾನಿಯಿಲ್ಲ. ಮುಂದಿನವರು ಹಿಂದಿನವರಿಗೆ ಕಾಣುತ್ತಲೇ ಇರುತ್ತಾರೆ. ಖಡೇಬಜಾರಿನಲ್ಲಿ ಹಾಗಲ್ಲ. ಕೈಗಾಡಿಗಳು, ದ್ವಿಚಕ್ರವಾಹನಗಳು, ಪಾದಚಾರಿಗಳ ಮಾರ್ಗದ ಮೇಲೆಯೇ ಹರಡಿದ ಬಟ್ಟೆಯ ರಾಶಿಗಳು. ಆತ ಗಣಪತ ಗಲ್ಲಿಯ ಕಡೆ ತಿರುಗುವ ಹೊತ್ತಿಗೆ ಏನೋ ಹೇಳಲೆಂದು ಹಿಂದಿರುಗಿ ನೋಡಿದರೆ ಪತ್ನಿ ಇರಲಿಲ್ಲ.

ಹತ್ತು ನಿಮಿಷವಷ್ಟೇ. ಆಕೆಯ ಬಳಿ ಮೊಬೈಲು ಇರಲಿಲ್ಲ. ಇದ್ದ ಒಂದು ಆತನ ಜೇಬಿನಲ್ಲಿತ್ತು. ಹಣವೂ ಆತನ ಬಳಿಯೇ. ಆತ ಬಂದ ದಾರಿಯಲ್ಲಿ ಮರಳಿ ಓಡುತ್ತ, ಹಸಿರು ಸೀರೆ ಕಂಡಲ್ಲೆಲ್ಲ ಇಣುಕಿ, ಕಡೆಗೆ ಆಕೆಯನ್ನು ಒಂದು ಹಿತ್ತಾಳೆ ಪಾತ್ರೆಯ ಅಂಗಡಿಯ ಮೆಟ್ಟಿಲ ಮೇಲೆ ಕಂಡರು. ಆಕೆ ಗಾಬರಿಯಾಗಿರಲಿಲ್ಲ. 'ನೀವು ಹಿಂದ ನೋಡ್ತೀರಿ ಅಂತ ಕುಂತಿದ್ದೆ' ಎಂದರು. 'ಇಪ್ಪತ್ತೈದು ವರ್ಷದಾಗ ಎಷ್ಟು ಸಲ ಹಿಂದ ನೋಡೀರಿ, ಲೆಕ್ಕಾ ಹಾಕಾಕತ್ತಿದ್ದೆ.' ಈ ಮಾತು ಬೈಗುಳವೋ ವಿನೋದವೋ ಆತನಿಗೆ ತಿಳಿಯಲಿಲ್ಲ. ನಮಗೂ ಪೂರ್ತಿ ತಿಳಿದಿಲ್ಲ. ಅನಂತರ ಆಕೆ ಎದ್ದು, 'ಈಗ ನಾ ಮುಂದ ನಡೀತೀನಿ, ನೀವು ಹಿಂದ ಬರ್ರಿ' ಎಂದು ಹೊರಟೇಬಿಟ್ಟರು.

ಆಕೆಯ ಬಲ ಮೊಣಕಾಲಿಗೆ ನೋವಿದೆ. ಆದ್ದರಿಂದ ಅಲ್ಲಿಂದ ಮುಂದೆ ಆ ದಿನದ ವೇಗವನ್ನು ನಿರ್ಧರಿಸಿದ್ದು ಆ ಮೊಣಕಾಲು. ಮೊದಮೊದಲು ಆತನಿಗೆ ಇದು ಹಿಂಸೆಯಾಯಿತು. ಕಾರ್ಖಾನೆಯ ಭೋಂಗಾದ ಸದ್ದಿಗೆ ಓಡಿ ರೂಢಿಯಾದ ಕಾಲು ಅದು. ಆದರೆ ನಿಧಾನವಾದೊಡನೆ ತಲೆ ಎತ್ತಿ ನೋಡಲು ಬಿಡುವಾಯಿತು. ಪೇಟೆಯ ಹಳೆಯ ಮನೆಗಳ ಮೇಲೆ, ಮುಂದೆ ದಂಡು ಪ್ರದೇಶದ ಬಂಗಲೆಗಳ ಮೇಲೆ ಆತ ಹಂಚುಗಳನ್ನು ಕಂಡರು. ಯಾವುದು ನಾಡಹಂಚು, ಯಾವುದು ಮಂಗಳೂರು ಮಾದರಿಯದು, ಯಾವ ಮಾಡಿನಲ್ಲಿ ಹೊಸ ಹಂಚನ್ನು ಹಳೆಯದರ ನಡುವೆ ತೂರಿಸಿದ್ದಾರೆ ಎಂಬುದನ್ನು ಬೆರಳು ತೋರಿಸಿ ಪತ್ನಿಗೆ ವಿವರಿಸಿದರು. ಬದುಕಿಡೀ ತಾನು ಸುಟ್ಟು ಕಳುಹಿದ ವಸ್ತು ಯಾರ ತಲೆಯ ಮೇಲೆ ನೆರಳಾಗಿದೆಯೆಂದು ನೋಡುವ ಸಂದರ್ಭ ಆ ಮನುಷ್ಯನಿಗೆ ಅದೇ ಮೊದಲು ಒದಗಿತು. ಪತಿ ಏನು ಕೆಲಸ ಮಾಡುತ್ತಿದ್ದರೆಂಬುದು ತನಗೆ ಅಂದೇ ಸರಿಯಾಗಿ ತಿಳಿಯಿತೆಂದು ಆಕೆಯೂ ಹೇಳಿದರು.

ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸುವಾಗ ಅರಿಸ್ಟಾಟಲನ ಪಂಥಕ್ಕೆ ನಡಿಗೆಯ ಮಂಟಪದಿಂದಲೇ ಹೆಸರು ಬಂದಿತೆಂದು ಹೇಳುತ್ತಿದ್ದರು. ಸಂತ ತೋಮಾಸ್ ಅಕ್ವಿನಾಸರು ಮನುಷ್ಯನನ್ನು ದಾರಿಯಲ್ಲಿರುವವನೆಂದು ಕರೆದರು. ಮಹಾಯುದ್ಧದ ಹೊತ್ತಿನಲ್ಲಿ ಫ್ರಾನ್ಸಿನ ಗೇಬ್ರಿಯಲ್ ಮಾರ್ಸೆಲ್ ತಮ್ಮ ಪ್ರಬಂಧಗಳ ಸಂಗ್ರಹಕ್ಕೆ ಅದೇ ಮಾತನ್ನು, 'ಹೋಮೋ ವಿಯಾತೋರ್' ಎಂಬ ಲ್ಯಾಟಿನ್ ಹೆಸರನ್ನು, ಇಟ್ಟರು. ಈ ತತ್ತ್ವಜ್ಞಾನಿಗಳೆಲ್ಲ ಒಬ್ಬಂಟಿ ಪಯಣಿಗನನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತೆ ನಮಗೆ ತೋರುತ್ತದೆ. ಒಬ್ಬಂಟಿಗನಿಗೆ ತನ್ನ ವೇಗವೇ ವೇಗ. ಇಬ್ಬರು ನಡೆಯುವಾಗಿನ ವೇಗ ಆತನದೂ ಅಲ್ಲ, ಆಕೆಯದೂ ಅಲ್ಲ. ಮೂರನೆಯದೊಂದನ್ನು ದಾರಿಯಲ್ಲಿಯೇ ಕಂಡುಕೊಳ್ಳಬೇಕಾಗುತ್ತದೆ. ಇದನ್ನು ಗ್ರಂಥಗಳಿಗಿಂತ ಚೆನ್ನಾಗಿ ಒಂದು ನೋಯುವ ಮೊಣಕಾಲು ಕಲಿಸೀತು.

ಸಂತ ಲೂಕನ ಶುಭಸಂದೇಶದ ಎಮ್ಮಾವುಸಿನ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಜೆರುಸಲೇಮಿನಿಂದ ಅರವತ್ತು ಸ್ಟೇಡಿಯ, ಎಂದರೆ ಸುಮಾರು ಹನ್ನೊಂದು ಕಿಲೋಮೀಟರು, ಇಬ್ಬರು ಮಾತನಾಡುತ್ತ ನಡೆದರು. ಒಬ್ಬನ ಹೆಸರು ಕ್ಲೆಯೋಫ; ಇನ್ನೊಬ್ಬರ ಹೆಸರಿಲ್ಲ. ಕರವಾಜ್ಜೊ, ರೆಂಬ್ರಾಂಟ್ ಮೊದಲಾದ ಚಿತ್ರಕಾರರು ಇಬ್ಬರನ್ನೂ ಗಂಡಸರನ್ನಾಗಿಯೇ ಬರೆದರು. ಶಿಲುಬೆಯ ಬಳಿ ನಿಂತಿದ್ದ ಸ್ತ್ರೀಯರಲ್ಲಿ ಕ್ಲೋಪನ ಮಡದಿ ಮರಿಯಳನ್ನು ಸಂತ ಯೊವಾನ್ನನು ಹೆಸರಿಸಿರುವುದರಿಂದ, ಆ ಎರಡನೆಯ ಪಯಣಿಗಳು ಅವಳೇ ಇರಬಹುದೆಂದು ಊಹಿಸಿದ ವ್ಯಾಖ್ಯಾನಕಾರರಿದ್ದಾರೆ. ಸಾಧಿಸಿ ತೋರಿಸುವ ಆಧಾರವಿಲ್ಲ. ಆದರೂ ಮನೆ ತಲುಪಿ ಅತಿಥಿಯನ್ನು ಒಳಗೆ ಕರೆದು ರೊಟ್ಟಿಯನ್ನು ಮುಂದಿಟ್ಟವರು ಗಂಡಹೆಂಡಿರೆಂದು ಓದಿಕೊಂಡರೆ ಆ ಸಂಜೆ ಹೆಚ್ಚು ಸಹಜವಾಗುತ್ತದೆ.

ದಂಡು ಪ್ರದೇಶದಲ್ಲಿ ನಮ್ಮ ದಂಪತಿಗಳು 1869ರಲ್ಲಿ ಪ್ರತಿಷ್ಠೆಗೊಂಡ ಸಂತ ಮೇರಿ ಚರ್ಚಿನ ಕಲ್ಲಿನ ಗೋಪುರವನ್ನು ಹೊರಗಿನಿಂದ ನೋಡಿದರು. ಅದು ನಮ್ಮ ಪ್ರಾಟೆಸ್ಟಂಟ್ ಸೋದರರ ಆರಾಧನಾಲಯ. ಅನಂತರ ಫಾತಿಮಾ ಮಾತೆಯ ಪ್ರಧಾನಾಲಯಕ್ಕೆ ಹೋದರು. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರ ಸೆಪ್ಟೆಂಬರ್ 19ರಂದು. ಹಬ್ಬಹರಿದಿನಗಳಲ್ಲಿ ಬಾಡಿಗೆ ವ್ಯಾನಿನಲ್ಲಿ ಬಂದು ನೂಕುನುಗ್ಗಲಿನಲ್ಲಿ ನಿಂತದ್ದನ್ನು ಬಿಟ್ಟರೆ ಆ ಪ್ರಧಾನಾಲಯದಲ್ಲಿ ಕುಳಿತು ಅವರಿಗೆ ಅಭ್ಯಾಸವಿರಲಿಲ್ಲ. ಅಂದು ಖಾಲಿ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರು. ಪ್ರಾರ್ಥಿಸಿದಿರಾ ಎಂದು ನಾವು ಕೇಳಲಿಲ್ಲ. ಆಕೆ ತಾವಾಗಿಯೇ, 'ಕಾಲಿಗೆ ಭಾಳ ಆರಾಮ ಆತು ಫಾದರ್' ಎಂದರು.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ರೊಟ್ಟಿ ಊಟ. ಅಲ್ಲಿ ಒಂದು ವಿಷಯ ಆತನ ಗಮನಕ್ಕೆ ಬಂದಿತು. ಆಕೆ ಊಟ ಮಾಡಿದರು, ನೀರು ಕುಡಿಯಲಿಲ್ಲ. ಬೆಳಗಿನಿಂದಲೂ ಕುಡಿದಿರಲಿಲ್ಲ. ಕಾರಣ ಕೇಳಿದರೆ ಮೊದಲು ಹೇಳಲಿಲ್ಲ. ನಾವು ಇದನ್ನು ಇಲ್ಲಿ ಬರೆಯಬಹುದೇ ಎಂದು ಆ ತಾಯಿಯನ್ನು ಕೇಳಿ, ಅನುಮತಿ ಪಡೆದು ಬರೆಯುತ್ತಿದ್ದೇವೆ: ದಾರಿಯಲ್ಲಿ ಎಲ್ಲಿ ಶೌಚಾಲಯ ಸಿಕ್ಕೀತೆಂಬ ನಂಬಿಕೆಯಿಲ್ಲದ್ದರಿಂದ ಆಕೆ ನೀರನ್ನೇ ಬಿಟ್ಟಿದ್ದರು. ಊರಿಗೆ ಹೋಗುವ ದಿನ ನೀರು ಕುಡಿಯದಿರುವುದು ನಮ್ಮ ಹೆಂಗಸರ ಹಳೆಯ ಅಭ್ಯಾಸವಂತೆ. ತಾಯಿ ಮಗಳಿಗೆ ಹೇಳಿಕೊಡುವಂಥದು. ಇಪ್ಪತ್ತೈದು ವರ್ಷ ಒಟ್ಟಿಗೆ ಬಾಳಿದ ಪತಿಗೆ ಅದು ತಿಳಿದದ್ದು ಖಾನಾವಳಿಯ ಮೇಜಿನ ಮುಂದೆ. ಕೇಂದ್ರ ಸರಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಬೆಳಗಾವಿ 2016ರಲ್ಲಿಯೇ ಆಯ್ಕೆಯಾದ ನಗರ. ರಸ್ತೆಗಳು ಅಗಲವಾದವು, ದೀಪಗಳು ಬಂದವು. ನಡೆದು ಬರುವ ಹಳ್ಳಿಯ ಹೆಣ್ಣುಮಗಳು ಧೈರ್ಯದಿಂದ ಒಂದು ಲೋಟ ನೀರು ಕುಡಿಯುವಂತಾಗುವುದು ಇದಕ್ಕಿಂತ ದೊಡ್ಡ ಕೆಲಸವೇನೂ ಅಲ್ಲ.

ಈ ವಿಷಯದಲ್ಲಿ ಬೆಳಗಾವಿಗೆ ಒಳ್ಳೆಯ ಪರಂಪರೆಯೇ ಇದೆ. ದಂಪತಿಗಳು ಆ ಬಳಿಕ ನಡೆದದ್ದು ಟಿಳಕವಾಡಿಯ ವೀರಸೌಧಕ್ಕೂ ಕಾಂಗ್ರೆಸ್ ಬಾವಿಗೂ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಇಲ್ಲಿ ನಡೆಯಿತು; ಅದರ ಶತಮಾನೋತ್ಸವ 2024ರಲ್ಲಿ ಆಯಿತು. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ಸಿದ್ಧವಾದ ಆ ಡೇರೆಗಳ ಊರಿಗೆ ವಿಜಯನಗರವೆಂದು ಹೆಸರಿಟ್ಟಿದ್ದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿತು. ಎಳೆಯ ವಯಸ್ಸಿನ ಗಂಗೂಬಾಯಿ ಹಾನಗಲ್ಲರು ಅಲ್ಲಿ ಹಾಡಿದರು. ಅಷ್ಟು ಜನಕ್ಕೆ ನೀರೊದಗಿಸಲೆಂದು ತೋಡಿದ ಬಾವಿಯೇ ಇಂದಿನ ಸ್ಮಾರಕ. ನೈರ್ಮಲ್ಯದ ಕೆಲಸವನ್ನು ಕಾಕಾ ಕಾಲೇಲ್ಕರರ ಮೇಲ್ವಿಚಾರಣೆಯಲ್ಲಿ ಸ್ವಯಂಸೇವಕರೇ, ಜಾತಿಯ ಹಮ್ಮು ಬಿಟ್ಟು, ವಹಿಸಿಕೊಂಡಿದ್ದರು. ಗಾಂಧೀಜಿಯವರು ಅದನ್ನು ತಮ್ಮ ಪತ್ರಿಕೆಯಲ್ಲಿ ಮೆಚ್ಚಿ ಬರೆದರು.

ವೀರಸೌಧದ ಚಿತ್ರಗಳನ್ನು ಆತ ಒಂದೊಂದಾಗಿ ಓದುತ್ತ ನಿಂತರು. ಆಕೆ ಬಾವಿಯನ್ನು ನೋಡುವುದರಲ್ಲಿಯೇ ತೃಪ್ತರು. ಬಾವಿಯ ಬಗೆಗೆ ಆಕೆಯಷ್ಟು ಬಲ್ಲವರು ಯಾರು? ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಸೇದಿದ ಕೈಗಳು ಅವು. 'ಇಷ್ಟ ಮಂದಿಗೆ ನೀರು ಸೇದಿದವರ ಫೋಟೋ ಎಲ್ಲೈತ್ರಿ?' ಎಂದು ಪತಿಯನ್ನು ಕೇಳಿದರಂತೆ. ಇಬ್ಬರೂ ಮತ್ತೊಮ್ಮೆ ಗೋಡೆಗಳನ್ನು ನೋಡಿ ಬಂದರು. ಆ ಫೋಟೋ ಅವರಿಗೆ ಸಿಗಲಿಲ್ಲ.

ಕಪಿಲೇಶ್ವರ ದೇವಸ್ಥಾನವನ್ನು ಹೊರಗಿನಿಂದ ಕಂಡು, ರೈಲುಮಾರ್ಗ ದಾಟಿ ಪೇಟೆಗೆ ಮರಳುವಾಗ ಸಂಜೆಯಾಗಿತ್ತು. ಒಟ್ಟು ನಡಿಗೆ ಹತ್ತು ಕಿಲೋಮೀಟರಿನ ಆಸುಪಾಸು ಆಗಿರಬೇಕು. ಮಕ್ಕಳಿಗೆ ಕಳುಹಿಸಲೆಂದು ಅರ್ಧ ಕಿಲೋ ಕುಂದಾ ಕೊಂಡರು. ಬೇರೆ ಏನನ್ನೂ ಕೊಳ್ಳಲಿಲ್ಲ. ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಖಾನಾಪುರದವರೆಗೆ ಆಕೆ, ಅಲ್ಲಿಂದ ನಂದಗಡದವರೆಗೆ ಆತ ಎಂದು ಹಂಚಿಕೊಂಡರು.

ಊಟ ಹಾಕಿಸಲಿಲ್ಲವೆಂದು ಬಂಧುಗಳಲ್ಲಿ ಕೆಲವರ ಮುನಿಸು ಇನ್ನೂ ಇಳಿದಿಲ್ಲ. ವಯಸ್ಸಾದ ಹಿರಿಯರೊಬ್ಬರು ನಮ್ಮ ಬಳಿಗೇ ಬಂದು, 'ದೇವರ ಮುಂದ ಆದ ಲಗ್ನದ ಬೆಳ್ಳಿಹಬ್ಬಾನ ಬಜಾರದಾಗ ತಿರುಗಿ ಮಾಡೂದಾ ಫಾದರ್?' ಎಂದು ಕೇಳಿದರು. ಬೆಳಗಿನ ಬಲಿಪೂಜೆಯಲ್ಲಿ ಆ ದಂಪತಿಗಳು ಇದ್ದರೆಂಬುದನ್ನು ನಾವು ಅವರಿಗೆ ತಿಳಿಸಿದೆವು. ಸಾಲದ ಪಂಕ್ತಿಯಲ್ಲಿ ಉಂಡು ಹೋದವರು ಸಾಲ ತೀರಿಸಲು ಬಂದದ್ದನ್ನು ನಮ್ಮ ಸೇವೆಯ ಇಷ್ಟು ವರ್ಷಗಳಲ್ಲಿ ಕಂಡಿಲ್ಲವೆಂದೂ ಹೇಳಿದೆವು. ಹಿರಿಯರು ಒಪ್ಪಲಿಲ್ಲ, ಚಹಾ ಕುಡಿದು ಹೋದರು.

ಈಗ ಇನ್ನೆರಡು ಜೋಡಿಗಳು ದಾರಿ ಕೇಳತೊಡಗಿದ್ದಾರೆ. ಕೋಟೆಯನ್ನು ಬಿಸಿಲೇರುವ ಮೊದಲು ಮುಗಿಸಬೇಕೆಂದು ಆ ತಾಯಿ ಅವರಿಗೆ ಹೇಳಿದ್ದಾರೆ. ಬಸ್ ನಿಲ್ದಾಣದಲ್ಲಿಯೂ ಪ್ರಧಾನಾಲಯದ ಆವರಣದಲ್ಲಿಯೂ ಶೌಚಾಲಯ ಎಲ್ಲಿದೆಯೆಂಬುದನ್ನು ಮೊದಲೇ ವಿಚಾರಿಸಿಕೊಂಡು, ನೀರಿನ ಬಾಟಲಿ ಒಯ್ಯಬೇಕೆಂದೂ ಹೇಳಿದ್ದಾರೆ. ಆತನ ಸಲಹೆ ಒಂದೇ: ಕುಂದಾವನ್ನು ಕಡೆಯಲ್ಲಿ ಕೊಳ್ಳಿರಿ, ಮೊದಲೇ ಕೊಂಡರೆ ದಿನವೆಲ್ಲ ಹೊರಬೇಕಾಗುತ್ತದೆ.